ಕ್ರೇನಿನ ಕುತ್ತಿಗೆಗೆ ಕಟ್ಟಿದ ಉಪ್ಪು

ನಾನು ಏನು ಕೆಲಸ ಮಾಡುತ್ತೇನೆ ಎಂಬುದನ್ನು ಊರಿನವರ ತಲೆಗೆ ಹತ್ತಿಸಲು ನನ್ನಿಂದ ಕೊನೆಯವರೆಗೂ ಆಗಲಿಲ್ಲ. ವಿಮಾನ ರಿಪೇರಿಯ ಕಾರ್ಖಾನೆಯಲ್ಲಿದ್ದೇನೆ ಎಂದರೆ, ಓಡಿಸುತ್ತೀಯಾ ಎಂದು ಕೇಳುತ್ತಿದ್ದರು. ಇಲ್ಲ. ಹಾಗಾದರೆ ರಿಪೇರಿ ಮಾಡುತ್ತೀಯಾ? ಅದೂ ಇಲ್ಲ. ಮತ್ತೇನು ಮಾಡುತ್ತೀಯ? ನೋಡುತ್ತೇನೆ. ವಿಮಾನದ ರೆಕ್ಕೆ, ಹೊಟ್ಟೆಗಳ ತಗಡನ್ನು ಬಿಚ್ಚದೆ, ಕೆರೆಯದೆ, ಬಡಿಯದೆ, ಬೆಳಕು ಬಿಟ್ಟು ನೋಡಿ, ಒಳಗೆ ಲೋಹ ತಿಂದುಹೋಗಿದೆಯೋ ಇಲ್ಲವೋ ಹೇಳುವುದು ನನ್ನ ಕೆಲಸ. ಇದನ್ನು ಕೇಳಿ ಮಾಮ, ಅಂದರೆ ನಮ್ಮ ಅವ್ವನ ತಮ್ಮ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

"ನೋಡಕ್ಕಾ ಸಂಬಳ ಕೊಡ್ತಾರೆ? ಅಂಗಾದ್ರೆ ನಮ್ಮೂರ ಟೀ ಕಡೇಲಿ ಕುಂತಿರೋ ಸೋಂಬೇರಿ ಪಯಲುಗಳ್ನೆಲ್ಲ ಕರ್ಕೊಂಡು ಓಗಪ್ಪ. ಇಡೀ ದಿನ ನೋಡ್ತಾವೆ, ಕಣ್ಣು ಮಿಟುಕ್ಸಲ್ಲ."

ಆ ನಗು ನನಗೆ ಮೈಯೆಲ್ಲ ಉರಿ ಎಬ್ಬಿಸುತ್ತಿತ್ತು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಈ ವಯಸ್ಸಿನಲ್ಲೂ ಅದು ಅಲ್ಲಿಂದ ಇಳಿದಿಲ್ಲ. ಆದರೆ ನೋಡುವುದೇ ನನ್ನ ಅನ್ನ. ವಿಮಾನದ ತಗಡುಗಳು ಒಂದರ ಮೇಲೊಂದು ಕೂರುವ ಕಡೆ ನೀರು ಸೇರಿಕೊಂಡರೆ, ಹೊರಗಿನ ಬಣ್ಣ ಮದುಮಗಳ ಹಾಗೆ ಹೊಳೆಯುತ್ತಿದ್ದರೂ ಒಳಗೊಳಗೇ ಲೋಹ ಸವೆಯುತ್ತದೆ. ಸುತ್ತಿಗೆ ಹಾಕಿ ಪರೀಕ್ಷೆ ಮಾಡಿದರೆ ಒಳ್ಳೆಯ ತಗಡೂ ಹಾಳು. ಅದಕ್ಕೆ ಟಾರ್ಚನ್ನು ತಗಡಿಗೆ ಒರಗಿಸಿ ಹಿಡಿಯಬೇಕು. ನೇರ ಬೆಳಕಿನಲ್ಲಿ ಕಾಣದ ಸಣ್ಣ ಉಬ್ಬು ಓರೆ ಬೆಳಕಿನಲ್ಲಿ ನೆರಳು ಚೆಲ್ಲುತ್ತದೆ. ಕಡ್ಡಿಗೆ ಕಟ್ಟಿದ ಪುಟ್ಟ ಕನ್ನಡಿ ತೂರಿಸಿ ಹಿಂಬದಿ ನೋಡಬೇಕು. ಇನ್ನೂ ಅನುಮಾನವಿದ್ದರೆ, ತಗಡಿನ ಹೊಳಪಿನಲ್ಲಿ ಒಂದು ನೇರ ಗೆರೆಯ ಪ್ರತಿಬಿಂಬ ಹುಡುಕಬೇಕು. ಗೆರೆ ಬಾಗಿದರೆ ತಗಡು ಬಾಗಿದೆ ಎಂದೇ ಲೆಕ್ಕ.

ಅರವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ರಜೆಗೆ ಬಂದೆ. ದಿಂಡಿಗಲ್ಲಿನಲ್ಲಿ ರೈಲು ಇಳಿದು, ಬಸ್ಸಿನಲ್ಲಿ ತೇನಿ ದಾಟಿ, ತೇವಾರಂ ಕಡೆಯ, ತಮಿಳು ಸೀಮೆಯಲ್ಲಿ ತಲೆಮಾರುಗಳಿಂದ ಕನ್ನಡ ಆಡುವ ನಮ್ಮೂರು ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಬಾವಿಯ ಹತ್ತಿರ ಹೋಗಿದ್ದಾರೆ ಎಂದು ಪಕ್ಕದ ಮನೆಯ ಅತ್ತೆ ಹೇಳಿದರು. ಪೆಟ್ಟಿಗೆ ಜಗಲಿಯ ಮೇಲಿಟ್ಟು ಹೊಲಕ್ಕೆ ನಡೆದೆ.

ಅಣ್ಣ ಓಡೈಪಟ್ಟಿಯ ದ್ರಾಕ್ಷಿ ಚಪ್ಪರಗಳನ್ನು ಕಂಡು ಬಂದವನು ನಮ್ಮ ಹೊಲದಲ್ಲೂ ಕಲ್ಲುಕಂಬ ನೆಟ್ಟು, ತಂತಿ ಎಳೆದು, ಬಳ್ಳಿ ಹಚ್ಚಿದ್ದ. ಬಳ್ಳಿಗೆ ಬಾವಿಯ ನೀರು ಸಾಲದೆ ಇನ್ನಷ್ಟು ಆಳ ತೆಗೆಸುತ್ತಿದ್ದ. ಕೆಳಗೆ ಕರಿಬಂಡೆ. ಅದಕ್ಕೆ ರಂಧ್ರ ಕೊರೆದು, ಮದ್ದು ತುಂಬಿ ಸಿಡಿಸಿ, ಒಡೆದ ಕಲ್ಲನ್ನು ಕ್ರೇನಿನ ತೊಟ್ಟಿಯಲ್ಲಿ ಮೇಲೆತ್ತಬೇಕು. ಕೆಲಸದವರು ಇಳಿಯುವುದೂ ಏರುವುದೂ ಅದೇ ತೊಟ್ಟಿಯಲ್ಲೇ. ಕ್ರೇನು ಮಾಮನದು. ನಾಲ್ಕು ಜನ ಕೈಯಲ್ಲಿ ಹಿಡಿಕೆ ತಿರುಗಿಸಿದರೆ ಉಕ್ಕಿನ ಹಗ್ಗ ಸುತ್ತಿಕೊಂಡು ತೊಟ್ಟಿ ಮೇಲೇಳುವ ಜಾತಿಯದು. ಎಲ್ಲಿಂದಲೋ ಹಳೆಯದನ್ನು ಕೊಂಡು ತಂದಿದ್ದರು. ಸುತ್ತಲ ಊರುಗಳಲ್ಲೆಲ್ಲ ಅದಕ್ಕೆ ಮಾಮನಿಗಿಂತ ಹೆಚ್ಚು ಮರ್ಯಾದೆ ಇತ್ತು.

ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು. ಮದ್ದು ಸಿಡಿದ ಮೇಲೆ ಬಾವಿಗೆ ಮೊದಲು ಇಳಿಯುವವನು ಬಾವಿಯ ಯಜಮಾನ. ಸಿಡಿಯದೆ ಉಳಿದ ಮದ್ದು ಇದೆಯೇ, ಸಡಿಲಾದ ಬಂಡೆ ತೂಗುತ್ತಿದೆಯೇ ಎಂದು ಅವನು ನೋಡಿ ಕೂಗಿದ ನಂತರವೇ ಕೂಲಿಯವರು ಇಳಿಯಬೇಕು. ನಮ್ಮ ಅಪ್ಪ ಹಾಗೆ ಇಳಿಯುವಾಗಲೇ ಹೋದದ್ದು. ಆಗಿನ್ನೂ ಕ್ರೇನು ಇರಲಿಲ್ಲ, ಮರದ ತೊಲೆಗೆ ಕಬ್ಬಿಣದ ಕೊಂಡಿ ಹಾಕಿ ರಾಟೆ ತೂಗುಹಾಕಿದ್ದರು. ಹಗ್ಗ ಹರಿಯಿತು ಎಂದು ಊರೆಲ್ಲ ಹೇಳಿತು. ಆ ಹಳೆಯ ಬಾವಿಯನ್ನು ಮುಚ್ಚಿ ಮೇಲೆ ಮುಳ್ಳು ಹಾಕಿದರು. ನನ್ನನ್ನು ಓದಿಸಿ ಕೆಲಸಕ್ಕೆ ಕಳಿಸಿದವನು ಅಣ್ಣ, ಅಪ್ಪನ ಜಾಗದಲ್ಲಿ ತೊಟ್ಟಿಗೆ ಕಾಲಿಟ್ಟವನೂ ಅವನೇ.

ನಾನು ಹೋದಾಗ ಮದ್ದು ಸಿಡಿಸಿ ಮುಗಿಸಿದ್ದರು. ಬಾವಿಯಿಂದ ಹೊಗೆ ಏಳುತ್ತಿತ್ತು.

"ತಂಬಿ, ಬಂದ್ಯಾ? ಊಟ ಆಯ್ತಾ?" ಎಂದ ಅಣ್ಣ, ಮುಖದ ತುಂಬ ಕಲ್ಲುಪುಡಿ. "ನಾಳೆ ಒತ್ತಾರೆ ಇಳ್ದು ನೋಡ್ತೀನಿ. ನೀರು ಕಂಡೇ ಕಾಣ್ತದೆ ಈ ಸಲ."

ನನ್ನ ಕಣ್ಣು ಕ್ರೇನಿನ ಮೇಲಿತ್ತು. ನಮ್ಮ ಕಡೆ ಸೂರ್ಯ ಮುಳುಗುವುದು ಪಡುವಣ ಬೆಟ್ಟದ ಹಿಂದೆ. ಬೆಟ್ಟದ ನೆತ್ತಿಗೆ ತಾಗುವ ಮೊದಲು ಅವನ ಬೆಳಕು ನೆಲಕ್ಕೆ ಒರಗಿಕೊಂಡು ಬರುತ್ತದೆ. ಆ ಬೆಳಕು ಕ್ರೇನಿನ ತೋಳಿನ ಉದ್ದಕ್ಕೂ ಸವರಿಕೊಂಡು ಹೋಗಿತ್ತು. ಹೊಸದಾಗಿ ಕರಿ ಬಣ್ಣ ಬಳಿದ ತೋಳು ಬುಡದಿಂದ ಮುಕ್ಕಾಲು ಪಾಲಿನವರೆಗೆ ನುಣ್ಣಗಿತ್ತು. ತುದಿಯ ಹತ್ತಿರ, ರಾಟೆಯ ಕೆಳಗೆ, ಎರಡು ತುಂಡು ಕಬ್ಬಿಣವನ್ನು ಪಕ್ಕದ ತಗಡುಗಳಿಂದ ಸೇರಿಸಿ ರಿವೆಟ್ ಹೊಡೆದ ಜಾಗವಿದೆ, ಅದಕ್ಕೆ ಎಲ್ಲರೂ ಕುತ್ತಿಗೆ ಎನ್ನುತ್ತಿದ್ದರು. ಆ ಕುತ್ತಿಗೆಯಲ್ಲಿ ಒಂದು ನೆರಳಿತ್ತು. ಇರಬಾರದ ಜಾಗದಲ್ಲಿ, ರಿವೆಟ್ಟಿಗೂ ರಿವೆಟ್ಟಿಗೂ ನಡುವೆ. ನಾನು ಇನ್ನೆರಡು ಹೆಜ್ಜೆ ಮುಂದಿಡುವಷ್ಟರಲ್ಲಿ ಸೂರ್ಯ ಬೆಟ್ಟದ ಹಿಂದೆ ಹೋದ. ನೆರಳೂ ಹೋಯಿತು.

ಕುತ್ತಿಗೆಗೆ ಸರಿಯಾಗಿ ಮೇಲೆ, ಕಪ್ಪು ಬಟ್ಟೆಯ ಒಂದು ಗಂಟು ತೂಗುತ್ತಿತ್ತು. ಅದನ್ನು ಕಟ್ಟಿದವಳು ಅವ್ವ. ಕಲ್ಲುಪ್ಪು, ಒಂದು ತುಂಡು ಪಟಿಕ, ಒಣ ಮೆಣಸಿನಕಾಯಿ. ಕಣ್ಣು ಬೀಳಬಾರದು ಎಂದು ಹೊಸ ಮನೆಗೂ ಹೊಸ ಗಾಡಿಗೂ ಕಟ್ಟುತ್ತಾರಲ್ಲ, ಅದೇ. ವರ್ಷಕ್ಕೊಮ್ಮೆ ಬಾವಿ ಕೆಲಸ ಶುರುವಾಗುವ ಮೊದಲು ಕ್ರೇನಿಗೆ ಬಣ್ಣ ಬಳಿದು, ವಿಭೂತಿ ಕುಂಕುಮ ಇಟ್ಟು, ಪೂಜೆ ಮಾಡಿ ಅವ್ವ ಹೊಸ ಗಂಟು ಕಟ್ಟುತ್ತಿದ್ದಳು. ಹಳೆಯ ಗಂಟು ತಾನಾಗಿ ಕಳಚಿ ಬೀಳಬೇಕೇ ಹೊರತು ಯಾರೂ ಬಿಚ್ಚುವಂತಿಲ್ಲ. ಆದ್ದರಿಂದ ಒಂದರ ಮೇಲೊಂದು ಕಟ್ಟಿ, ಅದರ ಮೇಲೂ ಬಣ್ಣ ಬಳಿದು, ಈಗ ಅದು ಒಂದು ಸಣ್ಣ ಕುಂಬಳಕಾಯಿಯಷ್ಟಾಗಿತ್ತು. ಪೂಜೆ ಆದ ಮೇಲೆ ನೀರು ಕಾಣುವವರೆಗೆ ಆ ಕ್ರೇನಿಗೆ ಉಳಿ, ಸುತ್ತಿಗೆ, ಅರ ಏನನ್ನೂ ಮುಟ್ಟಿಸುವಂತಿರಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ನಾನು ಮಾಮನಿಗೆ ಹೇಳಿದೆ. ಕುತ್ತಿಗೆಯ ಬಣ್ಣ ಸ್ವಲ್ಪ ಕೆರೆದು ನೋಡೋಣ, ಒಳಗೆ ತುಕ್ಕು ಇರಬಹುದು.

"ಬಂದು ಕಾಲ್ ಧೂಳು ಓಗಿಲ್ಲ, ಆಗ್ಲೇ ಸುರು ಮಾಡ್ದ," ಎಂದರು ಮಾಮ. "ತುರು ಇಡಿದ್ರೆ ನನಗೆ ತಿಳಿಯಲ್ವಾ? ಮೊನ್ನೆ ತಾನೇ ಪೆಯಿಂಟ್ ಒಡೆದಿದ್ದೀನಿ. ಪಳಪಳ ಅಂತದೆ."

"ಪಳಪಳ ಅನ್ನೋದು ಪೆಯಿಂಟು ಮಾಮ. ನಾನು ಕಬ್ಬಿಣದ ಮಾತಾಡ್ತಾ ಇದೀನಿ."

"ಪೂಜೆ ಮಾಡಿದ್ದನ್ನ ಕೆರೆಯಕ್ಕೆ ಬಿಡಲ್ಲ ನಾನು. ಕಂಡಿಪ್ಪಾ ಬಿಡಲ್ಲ."

ನನ್ನ ಧ್ವನಿ ಏರಿತು. ಮಾಮನದು ಅದಕ್ಕಿಂತ ಏರಿತು. ನಮ್ಮ ಜನ ದೇವರಿಗೆ ಬಿಟ್ಟ ದನದ ಕೊರಳಿಗೆ ನೇಗಿಲ ನೊಗ ತಾಗಿಸಿದವರಲ್ಲ, ಎಷ್ಟು ತಲೆಮಾರಿನಿಂದಲೋ. ಅಂಥವರು ಪೂಜೆಯಾದ ಕಬ್ಬಿಣಕ್ಕೆ ಉಳಿ ಹಾಕುತ್ತಾರೆಯೇ? ಇದು ಗೊತ್ತಿದ್ದೂ ಕೂಗಾಡಿದೆ. ಅಣ್ಣ ನಡುವೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟ. "ಕೆರೆಯದೆ ನೋಡಕ್ಕೆ ಬರಲ್ವಾ ನಿನಗೆ? ಅದೇ ತಾನೇ ನಿನ್ ವೇಲೆ, ನಿನ್ ಕೆಲ್ಸ?"

ಬರುತ್ತದೆ ಎಂದೆ. ರಾಟೆಗೆ ಗ್ರೀಸ್ ಹಚ್ಚಲು ದಿನಾ ಬೆಳಿಗ್ಗೆ ಕ್ರೇನಿನ ತೋಳನ್ನು ದಡದ ಮೇಲೆ ಇಳಿಸುತ್ತಿದ್ದರು. ಆ ಹೊತ್ತಿನಲ್ಲಿ ಉಳಿ ಮುಟ್ಟಿಸದೆ, ಕೆರೆಯದೆ, ಎಷ್ಟು ಬೇಕಾದರೂ ನೋಡಿಕೋ, ಗ್ರೀಸ್ ಮುಗಿದ ಕೂಡಲೇ ತೋಳು ಏಳುತ್ತದೆ, ನಿಮ್ಮಣ್ಣ ಇಳಿಯುತ್ತಾನೆ ಎಂದು ಮಾಮ ಒಪ್ಪಿದರು. ಅವ್ವ ಒಲೆಯ ಮುಂದೆ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಗಂಟಿನ ಕೆಳಗೇ ನೆರಳಿತ್ತು ಎಂಬುದನ್ನು ನಾನು ಹೇಳಿರಲಿಲ್ಲ. ಕಟ್ಟಿದ ಕೈ ಅವಳದು.

ಬೆಳಿಗ್ಗೆ ನಾವು ಬಾವಿಯ ಹತ್ತಿರ ಹೋದಾಗ ಮೂಡಣ ಬೆಟ್ಟದ ಮೇಲೆ ಮೋಡ ಕೂತಿತ್ತು. ಆ ಮೋಡವನ್ನು ನಾನು ಬೈದಷ್ಟು ಯಾರನ್ನೂ ಬೈದಿಲ್ಲ. ತೋಳು ದಡದ ಮೇಲೆ ಮರಳು ಮೂಟೆಗಳ ಮೇಲೆ ಒರಗಿತ್ತು, ಕುತ್ತಿಗೆ ನನ್ನ ಸೊಂಟದ ಎತ್ತರಕ್ಕೆ. ಮಾಮ ಗ್ರೀಸ್ ಡಬ್ಬಿ ಹಿಡಿದು ರಾಟೆಯ ಹತ್ತಿರ ಕೂತರು. ಅಣ್ಣ ಬಾವಿಯ ಅಂಚಿನಲ್ಲಿ ನಿಂತು ಕೆಳಗೆ ಬಗ್ಗಿ ನೋಡುತ್ತಿದ್ದ. ಅವನು ಆಗಲೇ ಪಂಚೆಯನ್ನು ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ ತಯಾರಾಗಿದ್ದ.

ಟಾರ್ಚು ಒರಗಿಸಿ ಹಿಡಿದೆ. ಆ ಹಗಲ ಬೆಳಕಿನಲ್ಲಿ ಟಾರ್ಚು ಏನೂ ಮಾಡಲಾರದೆ ಹೋಯಿತು. ಟವೆಲ್ ತಲೆಯ ಮೇಲೆ ಹೊದ್ದು ಕತ್ತಲೆ ಮಾಡಿಕೊಂಡು ನೋಡಿದೆ. ಏನೋ ಉಬ್ಬಿದಂತೆ ಕಂಡಿತು, ಕುಂಚದ ಗುರುತೂ ಇರಬಹುದಿತ್ತು. ಬಣ್ಣ ದಪ್ಪವಾಗಿ ಬಳಿದಿದ್ದರು. ಕನ್ನಡಿಯನ್ನು ಗಂಟಿನ ಹಿಂದಕ್ಕೆ ತೂರಿಸಿದೆ. ಗಂಟಿನ ಕೆಳಗಿಂದ ಒಂದು ಕೆಂಪು ಗೆರೆ ಇಳಿದು ತಗಡಿನ ಸಂದಿಗೆ ಹೋಗಿತ್ತು.

"ಇಲ್ನೋಡಿ ಮಾಮ! ತುಕ್ಕಿನ ನೀರು ಇಳಿದಿದೆ!"

ಮಾಮ ಬಂದು ಕನ್ನಡಿಯಲ್ಲಿ ಇಣುಕಿದರು. ಆಮೇಲೆ ಬೆರಳಿನಿಂದ ಆ ಗೆರೆ ಮುಟ್ಟಿ ನನ್ನ ಮುಖದ ಮುಂದೆ ಹಿಡಿದರು. "ಕುಂಕುಮ."

ಕೂಲಿಯವರು ನಕ್ಕರು. ಅದು ಕುಂಕುಮವೇ ಆಗಿತ್ತು, ಅಥವಾ ಕುಂಕುಮವೂ ತುಕ್ಕೂ ಸೇರಿತ್ತು. ಪೂಜೆಯ ಕುಂಕುಮ ಇಬ್ಬನಿಗೆ ಕರಗಿ ಇಳಿದರೆ ಅದೇ ಕೆಂಪು. ನನ್ನ ಕಾರ್ಖಾನೆಯಲ್ಲಿ ಯಾರೂ ವಿಮಾನಕ್ಕೆ ಕುಂಕುಮ ಹಚ್ಚಿ ನನ್ನ ಕಣ್ಣು ಕಟ್ಟಿರಲಿಲ್ಲ. ಬಣ್ಣವನ್ನು ನಂಬುವ ಹಾಗಿಲ್ಲ, ಇನ್ನು ಆಕಾರವೊಂದೇ ಗತಿ ಎಂದು ಅರ್ಥವಾಯಿತು.

"ಗ್ರೀಸ್ ಆಯ್ತು," ಎಂದರು ಮಾಮ. "ಎತ್ರೋ."

ಕೂಲಿಯವರ ಮೇಸ್ತ್ರಿ, ಹೊತ್ತಾಗುತ್ತಿದೆ ಎಂದು ತಮಿಳಿನಲ್ಲಿ ಗೊಣಗುತ್ತ ಹಿಡಿಕೆಗೆ ಕೈ ಹಾಕಿದ. ಅಣ್ಣ ತೊಟ್ಟಿಯ ಕಡೆ ನಡೆದ. ನನಗೆ ಬೇರೆ ದಾರಿ ತೋಚಲಿಲ್ಲ. ಹೋಗಿ ಆ ತೋಳಿನ ಮೇಲೆ ಕುದುರೆ ಏರಿದವನ ಹಾಗೆ ಕೂತುಬಿಟ್ಟೆ.

"ಏಯ್! ಇಳಿಯೋ! ಸಾಮಿ ಮೇಲೆ ಕುಂತಂಗೆ ಕುಂತಿದ್ದಾನೆ ನೋಡು!"

"ಸೂರ್ಯ ಬರೋವರೆಗೂ ಇಳಿಯಲ್ಲ. ಉಳಿ ಮುಟ್ಟಿಸಬಾರದು ಅಂದ್ರಿ, ಮುಟ್ಟಿಸಿಲ್ಲ. ಕೂರಬಾರದು ಅಂತ ಹೇಳಿಲ್ಲ."

ಮಾಮ ನನ್ನ ತೋಳು ಹಿಡಿದು ಎಳೆದರು. ನಾನು ರಾಟೆಯ ಕಂಬಿಯನ್ನು ಅಪ್ಪಿಕೊಂಡೆ. ಮೈತುಂಬ ಗ್ರೀಸ್. ಈಗ ನೆನೆದರೆ ನಗು ಬರುತ್ತದೆ. ಆಗ ಕಣ್ಣು ಮುಚ್ಚಿಕೊಂಡು ಇನ್ನಷ್ಟು ಬಿಗಿಯಾಗಿ ಹಿಡಿದೆ. ಅಣ್ಣನಿಗೂ ಸಿಟ್ಟು ಬಂತು. ಅವನಿಗೆ ಸಿಟ್ಟು ಬರುವುದನ್ನು ನಾನು ನೋಡಿದ್ದೇ ಕಡಿಮೆ.

"ತಂಬಿ, ಸಾಕು. ಜನ ನೋಡ್ತಾ ಅವ್ರೆ. ಇಳಿ. ನಾನು ಓಗ್ಬೇಕು."

"ನೀನು ಹೋಗಿ ಬಿದ್ದರೆ? ಅಪ್ಪನ ಹಾಗೆ ಬಿದ್ದರೆ?"

ಮಾತು ಬಾಯಿಂದ ಬಿದ್ದಮೇಲೆ ನೋಡಿದೆ, ಅವ್ವ ಬಂದು ನಿಂತಿದ್ದಳು. ತಲೆಯ ಮೇಲೆ ಕಂಬು ಕೂಳಿನ, ಅಂದರೆ ಸಜ್ಜೆ ಗಂಜಿಯ, ಗಡಿಗೆ. ಮಾಮ ಕೂರಲಿ ಎಂದು ಕಂಕುಳಲ್ಲಿ ಸುತ್ತಿ ತಂದ ಜಮಖಾನ. ಗಡಿಗೆ ಇಳಿಸಿ, "ಸೂರ್ಯ ಬಂದ," ಎಂದಳು ಅಷ್ಟೇ.

ಮೋಡ ಹರಿದಿತ್ತು. ಬೆಳಕು ಬೆಟ್ಟದ ಮೇಲಿಂದ ಇಳಿದು ದ್ರಾಕ್ಷಿ ಕಂಬಗಳ ನೆರಳನ್ನು ಉದ್ದಕ್ಕೆ ಚೆಲ್ಲಿತು. ನಾನು ಕೆಳಗೆ ಹಾರಿ, ಟವೆಲಿಗೆ ಪೂಜೆಯ ದೀಪಕ್ಕೆಂದು ಇಟ್ಟಿದ್ದ ಎಳ್ಳೆಣ್ಣೆ ಹಾಕಿಸಿಕೊಂಡು ಕುತ್ತಿಗೆಯ ಪಕ್ಕದ ತಗಡನ್ನು ಬುಡದಿಂದ ತುದಿಗೆ ಒರೆಸಿದೆ. ಧೂಳು ಹೋಗಿ ಕರಿ ಬಣ್ಣ ಕನ್ನಡಿಯಾಯಿತು. ಇನ್ನು ಬೇಕಾದದ್ದು ನೇರ ಗೆರೆಗಳು. ಸುತ್ತ ನೋಡಿದೆ. ಅವ್ವನ ಕಂಕುಳಲ್ಲೇ ಇದ್ದವು, ಕೆಂಪು, ನೀಲಿ, ಹಳದಿ, ದಾರ ಹಿಡಿದು ಎಳೆದಷ್ಟು ನೇರ.

"ಅವ್ವ, ಜಮಖಾನ ಬಿಚ್ಚು. ಒಂದು ತುದಿ ನೀನು ಹಿಡಿ, ಒಂದು ತುದಿ ಅಣ್ಣ ಹಿಡೀಲಿ. ಆ ಕಡೆ ನಿಂತ್ಕೊಂಡು ಬಿಗಿಯಾಗಿ ಎಳೀರಿ."

"ಕೂರೋದನ್ನ ಯಾಕೋ ತೂಗಾಕ್ತೀಯ?" ಎಂದಳು, ಆದರೂ ಹಿಡಿದಳು.

ನಾನು ತೋಳಿನ ಬುಡದ ಕಡೆ ಮಂಡಿಯೂರಿ, ಕೆನ್ನೆಯನ್ನು ಕಬ್ಬಿಣಕ್ಕೆ ತಾಗಿಸುವಷ್ಟು ಹತ್ತಿರ ತಂದು, ತಗಡಿನ ಉದ್ದಕ್ಕೆ ಕಣ್ಣು ಹಾಯಿಸಿದೆ. ಬಿಸಿಲಿನಲ್ಲಿ ಹೊಳೆಯುವ ಜಮಖಾನ ತಗಡಿನೊಳಗೆ ಮಲಗಿತ್ತು. ಕೆಂಪು ಗೆರೆ ನೇರ, ನೀಲಿ ಗೆರೆ ನೇರ, ಹಳದಿ ಗೆರೆ ನೇರ. ಕಣ್ಣನ್ನು ನಿಧಾನ ಮುಂದೆ ಸರಿಸಿದೆ. ಗಂಟಿನ ಕೆಳಗೆ ಬಂದ ಕೂಡಲೇ ಗೆರೆಗಳು ಡೊಂಕಾದವು. ಒಂದು ಇತ್ತ ಬಾಗಿ, ಇನ್ನೊಂದು ಅತ್ತ ಬಾಗಿ, ರಿವೆಟ್ಟಿನ ತಲೆಯ ಹತ್ತಿರ ಎರಡೂ ಕೂಡಿಕೊಂಡು, ಮತ್ತೆ ದೂರ ಸರಿದವು. ಒಂದು ರಿವೆಟ್ಟಿನಿಂದ ಮುಂದಿನ ರಿವೆಟ್ಟಿಗೆ ಹೀಗೆಯೇ. ನನಗೆ ಗೆದ್ದ ಸಂತೋಷವಾಗಲಿಲ್ಲ.

ಮಾಮನನ್ನು ಕರೆದೆ. ಗೊಣಗುತ್ತ ಬಂದು ನೋಡಿದರು. ತುಂಬ ಹೊತ್ತು ನೋಡಿದರು. ಎದ್ದು, ಕಣ್ಣೊರೆಸಿಕೊಂಡು, ಮತ್ತೆ ಬಗ್ಗಿ ನೋಡಿದರು.

"ಯಾಕೆ ಇಂಗೆ ಉಬ್ಬಿಕೊಂಡದೆ?"

"ಕಬ್ಬಿಣ ತುಕ್ಕಾದರೆ ಊದುತ್ತೆ ಮಾಮ. ಅಕ್ಕಿ ಬೆಂದು ಅನ್ನ ಆದ ಹಾಗೆ. ಎರಡು ತಗಡಿನ ನಡುವೆ ಊದಿ ತಗಡನ್ನೇ ಹೊರಗೆ ತಳ್ಳಿದೆ. ಒಳಗೆ ಎಷ್ಟು ಉಳಿದಿದೆಯೋ ದೇವರಿಗೇ ಗೊತ್ತು."

"ಮಳೆ ನೀರಾ?"

"ಹೂಂ. ಮಳೆ ನೀರು," ಎಂದೆ. ಅವ್ವನ ಕಡೆ ನೋಡದೆ ಹೇಳಿದೆ.

"ನನಗೂ ತೋರ್ಸು," ಎಂದಳು ಅವ್ವ.

ಬೇಡ ಎನ್ನಲು ಕಾರಣ ಹುಡುಕಿದೆ, ಸಿಗಲಿಲ್ಲ. ಅವಳ ತುದಿಯನ್ನು ಮಾಮ ಹಿಡಿದುಕೊಂಡರು. ಅವ್ವ ಮಂಡಿಯೂರಿದಳು. ಕಣ್ಣಿನ ಜಾಗ ಎಲ್ಲಿ, ಯಾವ ಗೆರೆ ಹಿಡಿದು ಹೋಗಬೇಕು ಎಂದು ತೋರಿಸಿದೆ. ಮೊದಲಿಗೆ ಏನೂ ಕಾಣಲ್ಲ ಎಂದಳು. ಆಮೇಲೆ ಇನ್ನಷ್ಟು ಬಗ್ಗಿದಳು. ಬೆರಳೆತ್ತಿ ಗಾಳಿಯಲ್ಲೇ ಒಂದು ಗೆರೆ ಎಳೆದಳು. ಬೆರಳು ನೇರ ಹೋಗುತ್ತ ಹೋಗುತ್ತ ಕುತ್ತಿಗೆಯ ಹತ್ತಿರ ಬಾಗಿತು.

"ಮಳೆ ಮೈಯೆಲ್ಲ ಉಯ್ತದೆ," ಎಂದಳು. "ಗಂಟಿನ ಕೆಳಗೆ ಮಾತ್ರ ಯಾಕೆ ಬಾಗಿಕೊಂಡದೆ?"

ನಾನು ನೆಲ ನೋಡುತ್ತಿದ್ದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಳೆ ಬಂದಾಗ ಕರಗಿ ಸಂದಿಗೆ ಇಳಿಯುತ್ತದೆ, ಪಟಿಕವೂ ಜೊತೆ ಸೇರಿದರೆ ಕಬ್ಬಿಣಕ್ಕೆ ಅದಕ್ಕಿಂತ ದೊಡ್ಡ ವಿಷ ಬೇಡ. ಈ ಪಾಠವನ್ನು ಎಷ್ಟೋ ಜನಕ್ಕೆ ಒಪ್ಪಿಸಿದ್ದೇನೆ. ಅವ್ವನಿಗೆ ಒಪ್ಪಿಸಲು ಆಗಲಿಲ್ಲ. ಒಪ್ಪಿಸುವ ಅಗತ್ಯವೂ ಇರಲಿಲ್ಲ. ಮನೆಯ ಉಪ್ಪಿನ ಮರಿಗೆಯ ಪಕ್ಕ ಕಬ್ಬಿಣದ ಸೌಟು ಇಡಬಾರದು ಎಂದು ನಮಗೆ ಹೇಳಿಕೊಟ್ಟವಳೇ ಅವಳು.

ಅವಳು ಎದ್ದು ಗಂಟಿಗೆ ಕೈ ಹಾಕಿದಳು.

"ಅಕ್ಕಾ, ಬೇಡ," ಎಂದರು ಮಾಮ. ಅವರ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಭಯ ಇತ್ತು. "ಬಿಚ್ಚಬಾರ್ದು."

"ಕಟ್ಟಿದೋಳು ನಾನು."

ದಾರಗಳು ಬಣ್ಣದಲ್ಲಿ ಕೂತು ಕಲ್ಲಾಗಿದ್ದವು. ಉಗುರಿನಿಂದ ಎಬ್ಬಿಸಿದಳು, ಹಲ್ಲಿನಿಂದ ಕಡಿದಳು. ಯಾರನ್ನೂ ಹತ್ತಿರ ಬಿಡಲಿಲ್ಲ. ಆ ಸುಡು ಬೇಸಿಗೆಯಲ್ಲೂ ಗಂಟು ಒಳಗೆ ಒದ್ದೆಯಾಗಿತ್ತು. ಕೊನೆಯ ದಾರ ಕಡಿದಾಗ ಅದೊಂದೇ ಬರಲಿಲ್ಲ, ಕೆಳಗಿನ ಕಬ್ಬಿಣವನ್ನೂ ಮರದ ತೊಗಟೆಯ ಹಾಗೆ ಪದರ ಪದರವಾಗಿ ಹಿಡಿದುಕೊಂಡು ಬಂತು. ಅಣ್ಣ ಬಗ್ಗಿ ಆ ಕಡೆಯಿಂದ ನೋಡಿದ. ನಾನು ಈ ಕಡೆಯಿಂದ ನೋಡಿದೆ. ತಗಡಿನ ತೂತುಗಳಲ್ಲಿ ಬೆಳಿಗ್ಗೆಯ ಬಿಸಿಲು ಸಣ್ಣ ಸಣ್ಣ ಚುಕ್ಕಿಯಾಗಿ ತೂರಿ ಬರುತ್ತಿತ್ತು, ಅದರಾಚೆ ಅಣ್ಣನ ಕಣ್ಣು ಕಾಣುತ್ತಿತ್ತು.

ಅವನು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಅವತ್ತು ಯಾರೂ ಬಾವಿಗೆ ಇಳಿಯಲಿಲ್ಲ. ಮಾಮ ಒಬ್ಬರೇ ಕ್ರೇನಿನ ಬುಡದಲ್ಲಿ ಮಧ್ಯಾಹ್ನದವರೆಗೂ ಕೂತಿದ್ದರು. ನಾನು ಹತ್ತಿರ ಹೋದರೆ, "ನೋಡೋ ವೇಲೆಗೆ ಸಂಬಳ ಕೊಡಬೌದು," ಎಂದರು, ನಗಲಿಲ್ಲ.

ಮನೆಗೆ ಬಂದಾಗ ಅವ್ವ ಹಿತ್ತಲಲ್ಲಿ ಆ ಗಂಟನ್ನು ಬಿಚ್ಚಿ ಹರಡಿಕೊಂಡು ಕೂತಿದ್ದಳು. ಬಟ್ಟೆಯ ಮೇಲೆ ಬಟ್ಟೆ, ಒಳಗೆ ಕಂದು ಬಣ್ಣಕ್ಕೆ ತಿರುಗಿದ ಉಪ್ಪು. ನಾನು ಪಕ್ಕದಲ್ಲಿ ಕೂತೆ. ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ, ಅವಳೇ ಮೊದಲು ಮಾತಾಡಿದಳು.

"ನಿಮ್ಮಪ್ಪ ಬಿದ್ದ ದಿನ ಅಗ್ಗ ಅರೀಲಿಲ್ಲ. ಕೊಂಡಿ ಮುರೀತು. ನಾನು ಅಲ್ಲೇ ಇದ್ದೆ. ಊರೋರು ಅಗ್ಗ ಅಂದ್ರು, ನಾನೂ ಸುಮ್ಕಿದ್ದೆ."

ಅಪ್ಪ ಹೋದ ಮೇಲೆ ಹೆದರಿಕೆಯಿಂದ ಅವ್ವ ಗಂಟು ಕಟ್ಟಲು ಶುರುಮಾಡಿದಳು ಎಂದೇ ನಾನು ತಿಳಿದಿದ್ದೆ.

"ಆ ಕೊಂಡಿಗೂ ನಾನೇ ಕಟ್ಟಿದ್ದೆ. ಸಣ್ಣದು, ನೆಲ್ಲಿಕಾಯಷ್ಟು. ಸಣ್ಣದು ಕಟ್ಟಿದ್ದಕ್ಕೆ ಇಂಗಾಯ್ತು ಅಂದ್ಕೊಂಡೆ. ಅದಕ್ಕೇ ಇದಕ್ಕೆ ವರ್ಷ ವರ್ಷ ದೊಡ್ಡದು ಕಟ್ದೆ." ಕೈಯಲ್ಲಿದ್ದ ಉಪ್ಪಿನ ಹರಳನ್ನು ನೋಡುತ್ತಿದ್ದಳು. "ಅದೂ ಇಂಗೇ ಆಗಿತ್ತಾ ಮಗ? ನೀನು ನೋಡಿ ನಿಜ ಏಳೋನು. ಏಳು."

ಆ ಕೊಂಡಿ ಮುಚ್ಚಿದ ಬಾವಿಯ ತಳದಲ್ಲಿ ಕಲ್ಲಿನ ಕೆಳಗಿತ್ತು. ಯಾವ ಟಾರ್ಚಿಗೂ ಯಾವ ಕನ್ನಡಿಗೂ ಅದು ಸಿಗುವಂತಿರಲಿಲ್ಲ. ಇಲ್ಲ ಅವ್ವ, ಅದು ಬೇರೆ ಎಂಬ ಮಾತು ನಾಲಿಗೆಯ ತುದಿಯಲ್ಲಿ ತಯಾರಾಗಿ ಕೂತಿತ್ತು. ಆದರೆ ಅವಳು ನನ್ನ ಮುಖವನ್ನು, ಆ ಬೆಳಿಗ್ಗೆ ತಗಡನ್ನು ನೋಡಿದ ಹಾಗೆಯೇ, ಓರೆಯಿಂದ ನೋಡುತ್ತಿದ್ದಳು. ಸುಳ್ಳು ಹೇಳಿದ್ದರೆ ಅದು ಎಲ್ಲಿ ಬಾಗುತ್ತದೆ ಎಂದು ಅವಳಿಗೆ ಕಾಣುತ್ತಿತ್ತು.

"ಗೊತ್ತಿಲ್ಲ ಅವ್ವ. ನೋಡದೆ ಹೇಳಕ್ಕಾಗಲ್ಲ," ಎಂದೆ. ಹೇಳುವಾಗಲೇ ಅಳು ಬಂತು. ಅವಳು ಅಳಲಿಲ್ಲ. ತಲೆಯಾಡಿಸಿದಳು. ಉಪ್ಪನ್ನೆಲ್ಲ ಬಾಚಿ ಬಟ್ಟೆಯಲ್ಲಿ ತುಂಬಿಕೊಂಡು, ಮುಚ್ಚಿದ ಬಾವಿಯ ಕಡೆ ಒಬ್ಬಳೇ ನಡೆದು ಹೋದಳು. ನಾನು ಹಿಂದೆ ಹೋಗಲಿಲ್ಲ.

ಮಾಮ ತೋಳನ್ನು ಗಾಡಿಯ ಮೇಲೆ ಹೇರಿಸಿಕೊಂಡು ತೇನಿಗೆ ಹೋಗಿ, ಕುತ್ತಿಗೆಯನ್ನೇ ಕತ್ತರಿಸಿ ಹೊಸ ಕಬ್ಬಿಣ, ಹೊಸ ತಗಡು ಹಾಕಿಸಿಕೊಂಡು ಬಂದರು. ನನ್ನ ರಜೆ ಮುಗಿಯುವ ಮೊದಲೇ ಕ್ರೇನು ಮತ್ತೆ ಬಾವಿಯ ದಡದಲ್ಲಿ ನಿಂತಿತು. ಬಣ್ಣ ಬಳಿದರು, ವಿಭೂತಿ ಕುಂಕುಮ ಇಟ್ಟರು, ಕರ್ಪೂರ ಹಚ್ಚಿದರು. ಗಂಟು ಕಟ್ಟುವ ಹೊತ್ತು ಬಂದಾಗ ಎಲ್ಲರೂ ಅವ್ವನ ಕಡೆ ನೋಡಿ, ತಟಕ್ಕನೆ ಬೇರೆ ಕಡೆ ನೋಡಿದರು. ಅವಳ ಕೈಯಲ್ಲಿ ಗಂಟು ಇರಲಿಲ್ಲ. ಕಂಕುಳಲ್ಲಿ ಜಮಖಾನ ಇತ್ತು.

ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು, ಇನ್ನೊಂದನ್ನು ಮಾಮನ ಕೈಗೆ. ತಾನು ಬುಡದ ಕಡೆ ಹೋಗಿ ಮಂಡಿಯೂರಿದಳು. ಬೆಟ್ಟದ ಮೇಲೆ ಸೂರ್ಯ ಆಗಷ್ಟೇ ಎದ್ದಿದ್ದ. ಅಣ್ಣ ತೊಟ್ಟಿಯ ಪಕ್ಕ ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದ. ಮೇಸ್ತ್ರಿ ಹೊತ್ತಾಯಿತು ಎನ್ನಲಿಲ್ಲ. ಅವ್ವ ಕೆಂಪು ಗೆರೆ ಹಿಡಿದು ತುದಿಯವರೆಗೆ ಹೋದಳು, ಹಿಂದೆ ಬಂದು ನೀಲಿ ಗೆರೆ ಹಿಡಿದು ಹೋದಳು, ಹಳದಿಯನ್ನೂ ಬಿಡಲಿಲ್ಲ. ತೋಳಿನ ಇನ್ನೊಂದು ಪಕ್ಕಕ್ಕೆ ನಮ್ಮನ್ನು ನಿಲ್ಲಿಸಿ ಅಲ್ಲೂ ನೋಡಿದಳು.

ಕೊನೆಗೆ ಮಂಡಿಯ ಮಣ್ಣು ಕೊಡವಿಕೊಂಡು ಎದ್ದಳು.

"ಗೆರೆ ನೇರ ಅದೆ," ಎಂದಳು ಅಣ್ಣನಿಗೆ. "ಈಗ ಇಳಿಯಪ್ಪ."